ಮಕ್ಕಳು: 5 (ನಮ್ಮನೆ ಪ್ರಯೋಗದ ಹನ್ನೊಂದು ವಾರ)

ದೊಡ್ಡವಳಿಗೆ ಹತ್ತು, ಚಿಕ್ಕವನಿಗೆ ಆರು. ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ನಾನು ಬೆಳೆದ ಮನೆಯಲ್ಲಿ ರಾತ್ರಿ ಎಂಟಕ್ಕೆ ಕುಟುಂಬ ಪ್ರಾರ್ಥನೆ ಅಂದರೆ ಎಂಟಕ್ಕೇ. ಅಜ್ಜ ಕನ್ನಡಕ ಹಾಕಿಕೊಂಡರೆ ಮುಗೀತು, ಸತ್ಯವೇದದ (ಬೈಬಲಿನ) ಒಂದು ಅಧ್ಯಾಯ ಪೂರ್ತಿ ಓದಲೇಬೇಕು, ಅದು ಎಷ್ಟೇ ಉದ್ದವಿರಲಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಿಳಿದಾಗ ಗಂಟೆಯನ್ನೂ ಜೊತೆಗೇ ತಂದರು ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ನಮ್ಮ ಕಾಲಕ್ಕೆ ಆ ಎಂಟು ಗಂಟೆ ಮೊದಲು ಟೀವಿಗೆ ಹೋಯಿತು, ಆಮೇಲೆ ಮೊಬೈಲಿಗೆ. ಮನೆಯಲ್ಲಿ ಪ್ರಾರ್ಥನೆ ಮತ್ತೆ ಶುರು ಮಾಡೋಣ ಅಂತ ಸೆಪ್ಟೆಂಬರ್ ಮೊದಲ ವಾರ ಗಂಡ ಹೆಂಡತಿ ಕೂತು ಒಂದು ನೋಟ್‌ಬುಕ್ ತೆರೆದೆವು. ಇದು ಅದರ ಲೆಕ್ಕ.

ವಾರ 1 ಮತ್ತು 2

ಅಜ್ಜನ ಮಾದರಿಯನ್ನೇ ಎತ್ತಿಕೊಂಡೆವು. ರಾತ್ರಿ ಎಂಟು, ಅರ್ಧ ಗಂಟೆ, ಮಾರ್ಕನ ಸುವಾರ್ತೆ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಹದಿನಾರು ದಿನದಲ್ಲಿ ಮುಗಿಸಿಬಿಡೋಣ ಅಂತ ಅಂದುಕೊಂಡಿದ್ದೆ. ಮೂರನೇ ದಿನ ಪ್ರಾರ್ಥನೆಗೆ ಕಣ್ಣು ಮುಚ್ಚಿದ ಚಿಕ್ಕವನು ಆಮೆನ್ ಅಂದರೂ ತೆರೆಯಲಿಲ್ಲ. ನಿದ್ದೆ. ಐದನೇ ದಿನ ನಾನೇ ಆಫೀಸಿನಿಂದ ಒಂಬತ್ತಕ್ಕೆ ಬಂದೆ. ಹದಿನಾಲ್ಕು ದಿನದಲ್ಲಿ ನಡೆದದ್ದು ಆರು ದಿನ. ಅದರಲ್ಲೂ ಎರಡು ದಿನ "ನೆಟ್ಟಗೆ ಕೂರು" ಅಂತ ಗದರಿದ್ದೇ ಜಾಸ್ತಿ.

ವಾರ 3

ಪ್ಲಾನ್ ಬದಲಾಯಿತು. ಸತ್ಯವೇದದ ಧರ್ಮೋಪದೇಶಕಾಂಡದ 6ನೇ ಅಧ್ಯಾಯ ತೆಗೆದು ನನ್ನ ಮುಂದೆ ಇಟ್ಟವಳು ಹೆಂಡತಿ. ಮಕ್ಕಳಿಗೆ ಕಲಿಸಬೇಕು ಅನ್ನುವ ಜಾಗದಲ್ಲಿ ರಾತ್ರಿ ಎಂಟು ಗಂಟೆ ಅಂತ ಎಲ್ಲೂ ಇಲ್ಲ. ಮನೆಯಲ್ಲಿ ಕೂತಿರುವಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಅಂತ ಇದೆ. ಈ ನಾಲ್ಕೂ ನಮ್ಮನೆಯಲ್ಲಿ ಹೇಗೂ ದಿನಾ ನಡೆಯುತ್ತವೆ, ಅಲ್ವಾ? ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆವು.

'ಏಳುವಾಗ' ಕಾಲಂಗೆ ಸತ್ಯವೇದದಲ್ಲಿನ ಸೊಲೊಮೋನ ರಾಜನ ಜ್ಞಾನೋಕ್ತಿಗಳನ್ನು ಇಟ್ಟುಕೊಂಡಿದ್ದೆವು. 31 ಅಧ್ಯಾಯ, ತಿಂಗಳಿಗೆ ಸರಿಯಾಗುತ್ತದೆ. ಎರಡು ದಿನ ಬಾಳಿತು. ಏಳೂ ಮುಕ್ಕಾಲಿಗೆ ಶಾಲೆ ವ್ಯಾನ್ ಹಾರ್ನ್ ಹೊಡೆಯುವ ಮನೆಯಲ್ಲಿ ಸೊಲೊಮೋನನಿಗೂ ಜಾಗ ಇಲ್ಲ. ಈಗ ಶೂ ಲೇಸ್ ಕಟ್ಟುವಾಗ ಒಂದೇ ವಾಕ್ಯದ ಪ್ರಾರ್ಥನೆ. ಅದನ್ನೂ ಮಕ್ಕಳೇ ಹೇಳಬೇಕು. ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ಒಂದು ಬೀದಿನಾಯಿ ಮರಿ ಹಾಕಿದೆ. ಚಿಕ್ಕವನ ಪ್ರಾರ್ಥನೆಯೆಲ್ಲ ಆ ಮರಿಗಳಿಗಾಗಿ. ಅಪ್ಪ ಅಮ್ಮನ ಹೆಸರು ಇನ್ನೂ ಬಂದಿಲ್ಲ.

ವಾರ 4

'ಮಲಗುವಾಗ' ಕಾಲಂ ಇದ್ದುದರಲ್ಲಿ ಸುಲಭ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಯೇಸುವಿನಿಂದ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ, ಒಬ್ಬನೇ ತಿರುಗಿ ಬರುತ್ತಾನೆ. ಅವನೂ ಸಮಾರ್ಯದವನು, ಯೆಹೂದ್ಯರು ಹತ್ತಿರ ಸೇರಿಸದ ಜನ. ಕಥೆ ಒಂದು ಸಲ ಹೇಳಿದ್ದಷ್ಟೇ. ಅಲ್ಲಿಂದ ದಿನಾ ದೀಪ ಆರಿಸುವ ಮುಂಚೆ ಒಂದೇ ಪ್ರಶ್ನೆ: ಇವತ್ತು ಯಾರಿಗೆ ಥ್ಯಾಂಕ್ಸ್ ಹೇಳೋದು ಬಿಟ್ಟುಹೋಯ್ತು?

"ವ್ಯಾನ್ ಅಂಕಲ್‌ಗೆ," ಅಂದಳು ದೊಡ್ಡವಳು. "ಎರಡು ಸಲ ನನ್ನ ನೀರಿನ ಬಾಟಲಿ ಮನೆ ತನಕ ತಂದುಕೊಟ್ಟಿದಾರೆ." ಮರುದಿನ ಹೇಳಿಯೂ ಬಂದಳು. ಅವರು ಏನಂದರು ಅಂತ ಕೇಳಿದೆ. "ಏನೂ ಅನ್ನಲಿಲ್ಲ. ಸುಮ್ನೆ ಹಾರ್ನ್ ಹೊಡೆದರು."

ವಾರ 5

ನಲ್ಲಿ ನೀರು ಬಿಡುವ ದಿನ ಟ್ಯಾಂಕ್ ತುಂಬಿ ಮೆಟ್ಟಿಲ ಮೇಲೆಲ್ಲ ಹರಿಯಿತು. ಮೋಟರ್ ಆರಿಸೋದು ಮರೆತಿದ್ದಕ್ಕೆ ದೊಡ್ಡವಳಿಗೆ ಚೆನ್ನಾಗಿ ಬೈದೆ. ಸಂಜೆ ಗೊತ್ತಾಯಿತು, ಮೋಟರ್ ಹಾಕಿ ಫೋನ್ ಹಿಡಿದು ಹೊರಗೆ ಹೋದವನು ನಾನೇ. ಸತ್ಯವೇದದಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ತಂದೆತಾಯಿಯ ಮಾತು ಕೇಳಿ ಅನ್ನುವ 1ನೇ ವಚನ ನಮ್ಮ ಪೀಳಿಗೆಗೆಲ್ಲ ಬಾಯಿಪಾಠ. ತಂದೆಗಳೇ, ಮಕ್ಕಳಿಗೆ ಸಿಟ್ಟು ಬರಿಸಬೇಡಿ ಅನ್ನುವ 4ನೇ ವಚನವನ್ನು ಸಂಡೇ ಸ್ಕೂಲಿನಲ್ಲಿ ನಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಸಾರಿ ಕೇಳಿದೆ. ಅವಳು "ಪರವಾಗಿಲ್ಲ" ಅಂದು ಬಾಗಿಲು ಹಾಕಿಕೊಂಡಳು. ನೋಟ್‌ಬುಕ್ಕಿನಲ್ಲಿ ಹೆಂಡತಿ ಬರೆದದ್ದು: 'ಮನೆಯಲ್ಲಿ ಕೂತಿರುವಾಗ. ಅಪ್ಪ ಕಲಿತದ್ದು.'

ವಾರ 6

ಇದನ್ನು ಬರೆಯೋದೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಶನಿವಾರ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆವು. ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿಗೂ ಮಗಳಿಗೂ ಟಿಕೆಟ್ ದುಡ್ಡು ಇಲ್ಲ. ಗಂಡುಮಕ್ಕಳಿಗೆ ಆರು ತುಂಬುವ ತನಕ ಫ್ರೀ, ಆಮೇಲೆ ಅರ್ಧ ಟಿಕೆಟ್. "ಹುಡುಗಗ ಎಷ್ಟ್ರೀ?" ಅಂದರು ಕಂಡಕ್ಟರ್. "ಐದು" ಅಂದುಬಿಟ್ಟೆ. ಬಾಯಿಗೆ ಅಷ್ಟು ಅಭ್ಯಾಸ ಆಗಿಹೋಗಿತ್ತು ಅಂತ ಈಗ ಸಮಜಾಯಿಷಿ ಕೊಡಬಹುದು. ಆದರೆ ಹಿಂದಿನ ತಿಂಗಳಷ್ಟೇ ಕೇಕಿನ ಮೇಲೆ ಆರರ ಮೇಣದಬತ್ತಿ ಹಚ್ಚಿದವನೂ ನಾನೇ.

ಕಂಡಕ್ಟರ್ ಮುಂದೆ ಹೋದ ಮೇಲೆ ಚಿಕ್ಕವನು ನನ್ನ ಕಿವಿಯ ಹತ್ತಿರ ಬಂದ. "ಅಪ್ಪಾ, ನಾ ಆರು ಅಲ್ಲೇನು?" ಸುಮ್ನಿರು ಅಂದೆ. ಮಗಳು ಏನೂ ಹೇಳಲಿಲ್ಲ, ಕಿಟಕಿಯ ಹೊರಗೆ ನೋಡುತ್ತಾ ಕೂತಳು. ಮಗನ ಪ್ರಶ್ನೆಗಿಂತ ಅದೇ ಜಾಸ್ತಿ ಚುಚ್ಚಿತು.

ರಾತ್ರಿ ಮಲಗುವಾಗ ಹೇಳಿದೆ. ಅಪ್ಪ ಇವತ್ತು ಸುಳ್ಳು ಹೇಳಿದ, ಒಂದು ಅರ್ಧ ಟಿಕೆಟ್ ದುಡ್ಡು ಉಳಿಸೋಕೆ. ಚಿಕ್ಕವನು ಎದ್ದು ಕೂತ. "ಜಕ್ಕಾಯ ನಾಲ್ಕರಷ್ಟು ವಾಪಸ್ ಕೊಟ್ಟ." ಯೆರಿಕೋ ಊರಿನ ಸುಂಕದವನು, ಕುಳ್ಳ, ಯೇಸುವನ್ನು ನೋಡೋಕೆ ಮರ ಹತ್ತಿದವನು, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದವನು. ಸಂಡೇ ಸ್ಕೂಲಿನಲ್ಲಿ ಅವನ ಪಾಠ ಆಗಷ್ಟೇ ಮುಗಿದಿತ್ತು. ನಾನು ರಿಯಾಯಿತಿ ಹುಡುಕಿದೆ. ಸತ್ಯವೇದದ ಅರಣ್ಯಕಾಂಡ 5ನೇ ಅಧ್ಯಾಯದಲ್ಲಿ ತಾನಾಗಿಯೇ ತಪ್ಪು ಒಪ್ಪಿಕೊಂಡವನು ಅಸಲಿಗೆ ಐದನೇ ಒಂದು ಪಾಲು ಸೇರಿಸಿ ಕೊಟ್ಟರೆ ಸಾಕು. "ನೀ ತಾನಾಗಿ ಎಲ್ಲಿ ಒಪ್ಪಿಕೊಂಡಿ? ನಾ ಕೇಳಿದ ಮ್ಯಾಲೆ ಅಲ್ಲೇನು?" ಅಂದ ಮಗ. ಹೆಂಡತಿ ದೀಪ ಆರಿಸಿದಳು. ಕತ್ತಲಲ್ಲಿ ಅವಳು ನಗೋದು ಕೇಳಿಸಿತು.

ವಾರ 7

ಮತ್ತೆ ಧಾರವಾಡದ ಬಸ್ಸು. ಇವತ್ತಿನದು ಒಂದು, ಹಳೆ ಸಾಲ ನಾಲ್ಕು. "ಐದು ಆಫ್ ಟಿಕೆಟ್ ಕೊಡ್ರಿ."

"ಒಂದ ಹುಡುಗ ಕಾಣಸ್ತಾನಲ್ರೀ?" ಈ ಕಂಡಕ್ಟರ್ ಬೇರೆಯವರು. ವಿಷಯ ಹೇಳಿದೆ. ಅವರು ಒಮ್ಮೆ ನನ್ನ ನೋಡಿದರು, ಒಮ್ಮೆ ಮಗನ ನೋಡಿದರು. "ಭಾರಿ ಸಾಹುಕಾರ ಆಗ್ಯಾನ್ರೀ ನಿಮ್ಮ ಮಗ, ಐದು ಸೀಟು ತಗೊಂಡಾನ" ಅಂದು ಮಿಷಿನ್ ಒತ್ತಿದರು. ಐದು ಚೀಟಿ ಬರುತ್ತವೆ ಅಂತ ಕಾದಿದ್ದ ಮಗನಿಗೆ ನಿರಾಸೆ. ಬಂದದ್ದು ಒಂದೇ. ಅದರ ಮೇಲೆ 'ಮಕ್ಕಳು: 5'. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿದ್ದೇವೆ. ಥರ್ಮಲ್ ಕಾಗದ, ಅಕ್ಷರ ಆಗಲೇ ಮಸುಕಾಗುತ್ತಿದೆ. ದೊಡ್ಡವಳು ಬಾಲ್‌ಪೆನ್ನಿನಲ್ಲಿ ತಿದ್ದಿಟ್ಟಿದ್ದಾಳೆ.

ವಾರ 8 ಮತ್ತು 9

ಅಜ್ಜಿಯ ಹಿಡಿ ಅಕ್ಕಿ ಡಬ್ಬಿ ಮತ್ತೆ ಶುರು. ಅನ್ನಕ್ಕೆ ಇಡುವ ಮುಂಚೆ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕೋದು. ಮಿಜೋರಾಂನ ಕ್ರೈಸ್ತ ಸಭೆಗಳು 1910ರಿಂದ ಇದನ್ನೇ ಮಾಡಿಕೊಂಡು ದೊಡ್ಡ ಸೇವೆ ನಡೆಸುತ್ತಿವೆ. ಯಾರ ಹಿಡಿ ಅನ್ನೋದೇ ಇಲ್ಲಿ ಜಗಳ. ಚಿಕ್ಕವನ ಹಿಡಿಯಲ್ಲಿ ಅರ್ಧ ನೆಲಕ್ಕೆ ಬೀಳುತ್ತದೆ. ಚರ್ಚಿನ ಸುಗ್ಗಿ ಹಬ್ಬದ ದಿನ ಡಬ್ಬಿ ಹೊತ್ತುಕೊಂಡು ಹೋದೆವು. ಆರಾಧನೆ ಮುಗಿದ ಮೇಲಿನ ಕಾಣಿಕೆಗಳ ಹರಾಜಿನಲ್ಲಿ ನಾನೇ ಒಂದು ಕುಂಬಳಕಾಯಿ ಕೂಗಿ ತಂದೆ, ಜಾಸ್ತಿ ರೇಟಿಗೆ. ಒಂದು ವಾರ ಅದರದೇ ಪಲ್ಯ.

ವಾರ 10 ಮತ್ತು 11

ನಾಲ್ಕು ಕಾಲಂಗಳಲ್ಲಿ 'ದಾರಿಯಲ್ಲಿ' ಪುಟ ಮೀರಿ ತುಂಬಿದೆ. 'ಏಳುವಾಗ' ಅರ್ಧ ಖಾಲಿ. ಮಾರ್ಕನ ಸುವಾರ್ತೆ 9ನೇ ಅಧ್ಯಾಯದಲ್ಲೇ ನಿಂತಿದೆ. ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಹಾಕಿಕೊಂಡಿದ್ದೇವೆ, ಊಟ ಆಗಿ ಯಾರಿಗೂ ಅವಸರ ಇಲ್ಲದಾಗ.

ಈಗಿನ ಕೆಲಸ ಆಗಮನ ಕಾಲದ ಚಕ್ರ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳನ್ನು ಮೇಣದಬತ್ತಿಯಲ್ಲಿ ಎಣಿಸುವ ಚಕ್ರ. 1839ರಲ್ಲಿ ಹ್ಯಾಂಬರ್ಗಿನಲ್ಲಿ ವಿಖರ್ನ್ ಅನ್ನುವ ಪಾದ್ರಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ ಅಂತ ಮಕ್ಕಳು ತಲೆ ತಿನ್ನುತ್ತಿದ್ದವು. ಅವರು ಗಾಡಿ ಚಕ್ರವೊಂದಕ್ಕೆ ದಿನಕ್ಕೊಂದು ಸಣ್ಣ ಮೇಣದಬತ್ತಿ, ಭಾನುವಾರಕ್ಕೊಂದು ದೊಡ್ಡದು ಸಿಗಿಸಿದರು. ನಮ್ಮಲ್ಲೂ ಅದೇ ಪ್ರಶ್ನೆ ಶುರುವಾಗಿದೆ, ದಿನಕ್ಕೆ ನಾಲ್ಕು ಸಲ. ಗಾಡಿ ಚಕ್ರ ಸಿಗಲಿಲ್ಲ. ಗುಜರಿಯಲ್ಲಿ ಒಂದು ಸೈಕಲ್ ರಿಮ್ ಸಿಕ್ಕಿತು. ತುಕ್ಕು ಜಾಸ್ತಿ ಇದೆ. ಅಂಗಡಿಯವರು ರೇಟ್ ಹೇಳುವ ಮುಂಚೆಯೇ ಚಿಕ್ಕವನು ಅವರಿಗೆ ತನ್ನ ವಯಸ್ಸು ಹೇಳಿದ. ಶನಿವಾರ ಸ್ಯಾಂಡ್ ಪೇಪರ್ ತಂದು ಉಜ್ಜೋಕೆ ಕೂರಬೇಕು.