ಉಡುಪಿಯ ಲ್ಯಾಬಿನಿಂದ ಪಾದುವಾದ ಗ್ಯಾಲರಿಗೆ

ನಮ್ಮ ಝುವಾಲಜಿ ಲ್ಯಾಬಿನಲ್ಲಿ ಡೆಮೊ ಅಂದರೆ ಮೊದಲು ಜಾಗಕ್ಕೆ ಜಗಳ. ಮೇಜಿನ ಸುತ್ತ ಎರಡು ಸಾಲು ನಿಂತರೆ ಮುಗೀತು, ಮೂರನೇ ಸಾಲಿನವರಿಗೆ ಕಾಣುವುದು ಮುಂದಿನವರ ಜಡೆ ಮತ್ತು ಕಾಲರ್ ಮಾತ್ರ. ಉಡುಪಿಯ ಜುಲೈ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಹೊರಗೆ ಜಡಿಮಳೆ, ಒಳಗೆ ಕರೆಂಟಿಲ್ಲ, ಫಾರ್ಮಲಿನ್ ವಾಸನೆಯ ಜೊತೆಗೆ ಒದ್ದೆ ಕೊಡೆಗಳ ವಾಸನೆ. ಬೆಂಚು ಹತ್ತಿ ಇಣುಕುವವರನ್ನು ಸರ್ ಬೈಯುತ್ತಿರಲಿಲ್ಲ. "ಬೀಳಬೇಡಿ ಮಾರಾಯ್ರೆ" ಅನ್ನುತ್ತಿದ್ದರು, ಅಷ್ಟೆ.

ಈಚೆಗೆ ಕೆಲಸದ ಮೇಲೆ ಇಟಲಿಗೆ ಹೋದವನು ಬಿಡುವು ಮಾಡಿಕೊಂಡು ಪಾದುವಾ ವಿಶ್ವವಿದ್ಯಾಲಯ ನೋಡಿ ಬಂದೆ. 1222ರಲ್ಲಿ ಶುರುವಾದದ್ದು. ಅದರ ಹಳೆಯ ಕಟ್ಟಡ ಪಲಾಜೊ ಬೋ. ಅಂಗಳದ ಸುತ್ತ ಗೋಡೆ, ಛಾವಣಿ ಎಲ್ಲೆಲ್ಲೂ ಹಳೆಯ ವಿದ್ಯಾರ್ಥಿಗಳ ಮನೆತನದ ಲಾಂಛನಗಳು. ನಾವು ಡೆಸ್ಕಿನ ಮೇಲೆ ಕಂಪಾಸಿನಿಂದ ಹೆಸರು ಕೆತ್ತಿದ್ದು ದಂಡಕ್ಕೆ ಕಾರಣವಾಯಿತು. ಅವರದ್ದಕ್ಕೆ ಟಿಕೆಟ್ ಇಟ್ಟಿದ್ದಾರೆ!

ಗೆಲಿಲಿಯೊ ಇಲ್ಲಿ 1592ರಿಂದ 1610ರವರೆಗೆ ಪಾಠ ಮಾಡಿದ. ಅವನದ್ದೆಂದು ತೋರಿಸುವ ವೇದಿಕೆ ಒರಟು ಹಲಗೆಗಳನ್ನು ಜೋಡಿಸಿ ಮಾಡಿದ್ದು, ಏನೇನೂ ಅಂದವಿಲ್ಲ. ಕ್ಲಾಸಿನಲ್ಲಿ ಜನ ಜಾಸ್ತಿಯಾಗಿ, ಮೇಷ್ಟ್ರು ಎಲ್ಲರಿಗೂ ಕಾಣಲಿ ಅಂತ ವಿದ್ಯಾರ್ಥಿಗಳೇ ಮಾಡಿಕೊಟ್ಟರು ಎಂಬ ಕಥೆ ಇದೆ. ನಿಜವೋ ಸುಳ್ಳೋ, ಮೂರನೇ ಸಾಲಿನವನಾದ ನನಗೆ ಹಿಡಿಸಿತು. ಗುರುಗ್ರಹದ ಉಪಗ್ರಹಗಳನ್ನು ಅವನು 1610ರ ಜನವರಿಯಲ್ಲಿ ಕಂಡದ್ದೂ ಈ ಊರಿನಿಂದಲೇ.

ಆದರೆ ನಾನು ಹೋದದ್ದು ಹೆಣ ಕೊಯ್ದು ಪಾಠ ಮಾಡುತ್ತಿದ್ದ ಅನಾಟಮಿ ಥಿಯೇಟರ್‌ಗಾಗಿ. ಫಾಬ್ರಿಚಿ ಎಂಬ ಪ್ರಾಧ್ಯಾಪಕನ ಕಾಲದಲ್ಲಿ, 1595ರಲ್ಲಿ ಕಟ್ಟಿದ್ದು. ಈಗ ನಮ್ಮನ್ನು ತಳದಿಂದ ಒಳಗೆ ಬಿಡುತ್ತಾರೆ, ಹೆಣವನ್ನು ಸಿದ್ಧಪಡಿಸುತ್ತಿದ್ದ ಕಡೆಯಿಂದ. ತಲೆ ಎತ್ತಿದರೆ ಮೊಟ್ಟೆಯಾಕಾರದ ಆರು ಗ್ಯಾಲರಿಗಳು, ಒಂದರ ಮೇಲೊಂದು ಅಗಲವಾಗುತ್ತಾ ಹೋಗುತ್ತವೆ. ನಮ್ಮೂರಿನ ಮುರಕಲ್ಲಿನ ಬಾವಿಯ ತಳದಲ್ಲಿ ನಿಂತ ಹಾಗೆ. ಕೂರಲು ಜಾಗವಿಲ್ಲ. ಸುಮಾರು ಮುನ್ನೂರು ಜನ ಕಟಕಟೆಗೆ ಒತ್ತಿಕೊಂಡು, ಮೇಣದ ಬತ್ತಿಯ ಬೆಳಕಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಕೊನೆಯ ಸಾಲಿನವನಿಗೂ ಮೇಜು ಕಾಣಬೇಕು, ಇಡೀ ಕಟ್ಟಡದ ಲೆಕ್ಕಾಚಾರ ಅದೊಂದೇ. ಬೊಲೊನ್ಯಾದಲ್ಲೂ ಇಂಥದ್ದೊಂದಿದೆ, ನೋಡಲು ಇದಕ್ಕಿಂತ ಚಂದ. ಆದರೆ 1944ರ ಬಾಂಬ್ ದಾಳಿಯಲ್ಲಿ ಹಾಳಾಗಿ, ಮತ್ತೆ ಕಟ್ಟಿದ್ದು. ನನ್ನ ಓಟು ಪಾದುವಾಗೆ.

ಆ ಗ್ಯಾಲರಿಗಳ ಕಾಲದಲ್ಲಿ ಇಲ್ಲಿ ಕಲಿತವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. 1602ರಲ್ಲಿ ಡಿಗ್ರಿ ತೆಗೆದುಕೊಂಡ. ರಕ್ತನಾಳಗಳಲ್ಲಿ ಕವಾಟಗಳಿವೆ ಅಂತ ಫಾಬ್ರಿಚಿ ಚೆನ್ನಾಗಿ ನೋಡಿದ್ದ, ತೋಳಿನ ಚಿತ್ರ ಬರೆಸಿ 1603ರಲ್ಲಿ ಅಚ್ಚೂ ಹಾಕಿಸಿದ. ರಕ್ತ ಕೈಕಾಲುಗಳಿಗೆ ಒಮ್ಮೆಲೇ ನುಗ್ಗದಂತೆ ಅವು ತಡೆಯುತ್ತವೆ ಎಂದುಕೊಂಡಿದ್ದ. ಶಿಷ್ಯ ಕೇಳಿದ್ದು, ಅವು ಯಾವ ಕಡೆಗೆ ತೆರೆಯುತ್ತವೆ ಅಂತ. ಹೃದಯದ ಕಡೆಗೆ! ಹಾಗಾದರೆ ಅಭಿಧಮನಿಯಲ್ಲಿ, ಅಂದರೆ ಮಾತಿನಲ್ಲಿ ನಾವು ನರ ಅನ್ನುವ ನಾಳದಲ್ಲಿ, ರಕ್ತ ಹೃದಯಕ್ಕೆ ವಾಪಸ್ ಬರುತ್ತಿದೆ. ರಕ್ತ ದೇಹವಿಡೀ ಸುತ್ತುತ್ತದೆ ಎಂದು ಹಾರ್ವೆ 1628ರಲ್ಲಿ ಬರೆದಾಗ, ತೋಳಿನ ಆ ಚಿತ್ರ ಗುರುವಿನ ಪುಸ್ತಕದಿಂದಲೇ ಬಂದಿತ್ತು.

ಇದನ್ನು ನಮ್ಮ ಸರ್ ಒಂದು ಕರ್ಚೀಫಿನಲ್ಲಿ ಕಲಿಸಿದ್ದರು. ನಮ್ಮ ಬ್ಯಾಚಿನ ಸಣಕಲ ಹುಡುಗನೊಬ್ಬನ ತೋಳಿಗೆ, ಮೊಣಕೈಯಿಂದ ಸ್ವಲ್ಪ ಮೇಲೆ, ಬಿಗಿಯಾಗಿ ಕಟ್ಟಿದರು. ನರಗಳು ಉಬ್ಬಿದವು, ಅಲ್ಲಲ್ಲಿ ಸಣ್ಣ ಗಂಟು. ಅದೇ ಕವಾಟದ ಜಾಗ. ಕೆಳಗೊಂದು ಬೆರಳು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಕ್ಕೆ ಸವರಿ, ಗಂಟು ದಾಟಿಸಿ ಬಿಟ್ಟರು. "ತೂಲೆ, ತೂಲೆ!" ಅಂದರು ಸರ್ ತುಳುವಿನಲ್ಲಿ, ನೋಡಿ, ನೋಡಿ ಅಂತ. ಮಧ್ಯದ ನರ ಚಪ್ಪಟೆ. ಮೇಲಿನಿಂದ ಒಂದು ಹನಿಯೂ ಇಳಿಯಲಿಲ್ಲ. ಕೆಳಗಿನ ಬೆರಳು ತೆಗೆದ ಕೂಡಲೇ ತುಂಬಿತು. ಆಮೇಲೆ ಒಬ್ಬರನ್ನೂ ಬಿಡದೆ ಎಲ್ಲರ ಕೈಯಲ್ಲೂ ಮಾಡಿಸಿದರು. ಹಾಗಾಗಿ ಆವತ್ತು ಮೂರನೇ ಸಾಲು ಅನ್ನುವುದೇ ಇರಲಿಲ್ಲ. ಪಾದುವಾದ ಗೈಡ್ ಹಾರ್ವೆ ಹೆಸರು ಹೇಳಿ ಮುಂದೆ ಹೋದಳು. ನಾನು ತೋಳು ಮಡಚಿ ಅಲ್ಲೇ ಒತ್ತಿ ನೋಡಿದೆ. ಪಕ್ಕದಲ್ಲಿದ್ದವರು ಏನಂದುಕೊಂಡರೋ.

ಮೆಟ್ಟಿಲ ಬಳಿ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಪ್ರತಿಮೆ ಇದೆ. 1678ರಲ್ಲಿ ಇಲ್ಲಿ ಡಾಕ್ಟರೇಟ್ ಪಡೆದಳು. ಅವಳು ಬಯಸಿದ್ದು ದೇವತಾಶಾಸ್ತ್ರದ್ದು, ಚರ್ಚಿನವರು ಹೆಂಗಸಿಗೆ ಅದು ಕೂಡದೆಂದರು, ಕೊನೆಗೆ ತತ್ವಶಾಸ್ತ್ರದ್ದು ಕೊಟ್ಟರು. ನಮ್ಮ ಬ್ಯಾಚಿನಲ್ಲಿ ರ‍್ಯಾಂಕ್ ಬಂದವರೆಲ್ಲ ಹುಡುಗಿಯರೇ. ಅವರಲ್ಲಿ ಒಬ್ಬಳಿಗೆ ಫೋಟೊ ಕಳಿಸಿದೆ, "ನಮಗೂ ಒಂದು ಪ್ರತಿಮೆ ಮಾಡಿಸಿ" ಅಂತ ಉತ್ತರ ಬಂತು.

ಅಲ್ಲಿ ಇನ್ನೊಂದು ಕೋಣೆಯಲ್ಲಿ ಕೆಲವು ತಲೆಬುರುಡೆಗಳಿವೆ. ಯಾರೋ ಅಪರಾಧಿಗಳದ್ದಲ್ಲ, ಕಲಿಕೆಗಾಗಿ ತಮ್ಮ ದೇಹವನ್ನೇ ಬಿಟ್ಟುಕೊಟ್ಟ ಪ್ರಾಧ್ಯಾಪಕರದ್ದು. ನಮ್ಮ ಕಡೆಯೂ ಮೆಡಿಕಲ್ ಕಾಲೇಜುಗಳಿಗೆ ದೇಹದಾನ ಬರೆದುಕೊಡುವವರಿದ್ದಾರೆ. ಈಗ ಓದುತ್ತಿರುವವರಿಗೆ ಪಾದುವಾ ದೂರ, ಮಣಿಪಾಲ ದೂರವಲ್ಲ. ಅಲ್ಲಿನ ಅನಾಟಮಿ ಮ್ಯೂಸಿಯಂಗೆ ಸುಮ್ನೆ ಒಂದು ಶನಿವಾರ ಹೋಗಿ ಬನ್ನಿ. ಆನೆಯ ಅಸ್ಥಿಪಂಜರದ ಮುಂದೆ ಹೇಗೂ ಎಲ್ಲರೂ ನಿಲ್ಲುತ್ತಾರೆ. ನೀವು ಮನುಷ್ಯರ ಜಾಡಿಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಿ.