ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ ಏನೂ ಹಾಕಿಸಬೇಡಿ

ಚಿಕ್ಕಪ್ಪ ಲ್ಯಾಪ್‌ಟಾಪ್ ತಗೊಂಡ ಸುದ್ದಿ ನನಗೆ ಗೊತ್ತಾದದ್ದು ವಾಟ್ಸಾಪ್‌ನಲ್ಲಿ ಬಿಲ್ಲಿನ ಫೋಟೊ ಬಂದಾಗ. ಕೆಳಗೆ 'ಮಗಾ, ಇದು ಸರಿ ಉಂಟಾ ನೋಡು' ಅಂತ ಬರೆದಿದ್ದರು. ಲ್ಯಾಪ್‌ಟಾಪ್ ಸರಿಯಾಗಿಯೇ ಇತ್ತು, ಬೆಲೆಯೂ ಸರಿ. ಅದರ ಕೆಳಗೆ ಇನ್ನೂ ಮೂರು ಸಾಲು ಇದ್ದವು. ಒಂದು ಆಂಟಿವೈರಸ್, ಒಂದು ಪಿಡಿಎಫ್ ಮಾಡುವ ಸಾಫ್ಟ್‌ವೇರ್, ಒಂದು ಕನ್ನಡ ಟೈಪಿಂಗ್ ಸಿಡಿ. ಮೂರೂ ಸೇರಿ 3,400 ರೂಪಾಯಿ. ತಮಾಷೆ ಏನಂದ್ರೆ ಆ ಲ್ಯಾಪ್‌ಟಾಪ್‌ನಲ್ಲಿ ಸಿಡಿ ಹಾಕೋ ಜಾಗವೇ ಇಲ್ಲ.

ಚಿಕ್ಕಪ್ಪ ಸುಮ್ನೆ ಮೋಸ ಹೋಗುವ ಆಸಾಮಿ ಅಲ್ಲ. ಮುಂಬಯಿಯ ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ನಲವತ್ತು ವರ್ಷ ದುಡಿದವರು, ಅದರಲ್ಲಿ ಜಾಸ್ತಿ ವರ್ಷ ಗಲ್ಲಾದಲ್ಲೇ ಕೂತಿದ್ದವರು, ಹರಿದ ನೋಟನ್ನು ಮುಟ್ಟಿಯೇ ಹೇಳುತ್ತಾರೆ. ಆದರೆ ಕಂಪ್ಯೂಟರ್ ಅಂದ ಕೂಡಲೇ ಅಂಗಡಿಯವನು ಹೇಳಿದ್ದೇ ವೇದ. ನಾನು ಕಾಂದಿವಲಿಯಲ್ಲಿ, ಅವರು ಡೊಂಬಿವಲಿಯಲ್ಲಿ. ಹೀಗಾಗಿ ಕೆಲವು ಭಾನುವಾರ ದಾದರ್‌ನಲ್ಲಿ ಟ್ರೈನ್ ಬದಲಿಸಿ ಹೋಗಿ ಕಲಿಸಿದೆ. ಅಲ್ಲಿ ಏನೇನು ಕಲಿಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಯಾಕಂದ್ರೆ ನಿಮ್ಮನೆಯಲ್ಲೂ ಒಬ್ಬ ಚಿಕ್ಕಪ್ಪ ಇರ್ತಾರೆ, ಅಲ್ವಾ?

ಅಂಗಡಿಯವನು ದುಡ್ಡಿಗೆ ಮಾರಿದ ಆ ಮೂರೂ ಕೆಲಸಕ್ಕೆ ಬೇಕಾದದ್ದು ವಿಂಡೋಸ್‌ನ ಒಳಗೇ ಇದೆ. ಪುಕ್ಕಟೆ.

ಮೊದಲ ದಿನ ಕಲಿಸಿದ್ದು ಒಂದೇ ಒಂದು ಗುಂಡಿ. ಕೀಬೋರ್ಡಿನ ಕೆಳಗಿನ ಸಾಲಿನಲ್ಲಿ ಎಡಗಡೆ ಕಿಟಕಿಯ ಚಿತ್ರ ಇರುವ ಗುಂಡಿ ಇದೆಯಲ್ಲ, ವಿಂಡೋಸ್ ಕೀ, ಅದನ್ನು ಒತ್ತಿ ಬಿಡಿ, ಆಮೇಲೆ ಬೇಕಾದ್ದರ ಹೆಸರು ಟೈಪ್ ಮಾಡಿ. ಕ್ಯಾಲ್ಕುಲೇಟರ್ ಬೇಕಾ, ಮೊದಲ ನಾಲ್ಕಕ್ಷರ ಹೊಡೆದರೆ ಸಾಕು, ಮೇಲೆ ಬಂದು ನಿಲ್ಲುತ್ತದೆ, ಎಂಟರ್ ಒತ್ತಿ. ಮೆನು ಒಳಗೆ ಮೆನು ತೆಗೆದು ಹುಡುಕುತ್ತಾ ಕೂರಬೇಡಿ. ಇದನ್ನು ಚಿಕ್ಕಪ್ಪ ನನಗಿಂತ ಚೆನ್ನಾಗಿ ವಿವರಿಸಿದರು: "ಹೋಟೆಲಿಗೆ ಬಂದವ ಬೋರ್ಡ್ ಓದ್ತಾನಾ ಮಾರಾಯ್ತಿ? ಇಡ್ಲಿ ಉಂಟಾ ಅಂತ ಬಾಯಲ್ಲಿ ಕೇಳ್ತಾನೆ. ಇದ್ದರೆ ಬರ್ತದೆ."

ಇನ್ನು ಕನ್ನಡ. ಅವರಿಗೆ ಲ್ಯಾಪ್‌ಟಾಪ್ ಬೇಕಾದದ್ದೇ ಇದಕ್ಕೆ. ಹೋಟೆಲಿನ ಹಳೇ ಕತೆ ಬರೆಯಬೇಕು ಅಂತ ಬಹಳ ದಿನದ ಆಸೆ. ಮುಂಬಯಿಯಲ್ಲಿ ಕೂತು ಕನ್ನಡ ಟೈಪ್ ಮಾಡಲು ಏನೋ ವಿಶೇಷ ಸಾಮಾನು ಬೇಕು ಅನ್ನೋದು ಅವರ ನಂಬಿಕೆ. ಬೇಡ. 2019ರ ಮೇ ತಿಂಗಳ ಅಪ್‌ಡೇಟ್‌ನಿಂದ ಈಚೆಗೆ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಬಂದಿದೆ, 11ರಲ್ಲೂ ಇದೆ. ಸೆಟ್ಟಿಂಗ್ಸ್ ತೆಗೆದು ಟೈಮ್ ಅಂಡ್ ಲ್ಯಾಂಗ್ವೇಜ್‌ಗೆ ಹೋಗಿ, ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿ. ಸೇರಿಸಿದ ಮೇಲೆ ಅದರ ಪಕ್ಕದ ಮೂರು ಚುಕ್ಕೆ ಒತ್ತಿ, ಲ್ಯಾಂಗ್ವೇಜ್ ಆಪ್ಷನ್ಸ್ ಒಳಗೆ ಹೋಗಿ, ಆಡ್ ಎ ಕೀಬೋರ್ಡ್ ಒತ್ತಿ, ಕನ್ನಡ ಫೊನೆಟಿಕ್ ಆರಿಸಿ. ಇದೇ ಹೆಜ್ಜೆಯಲ್ಲಿ ಜಾಸ್ತಿ ಜನ ಎಡವುತ್ತಾರೆ. ಭಾಷೆ ಸೇರಿಸಿ ಅಲ್ಲಿಗೇ ನಿಲ್ಲಿಸುತ್ತಾರೆ, ಆಗ ಬರುವುದು ಬೇರೆ ಕೀಬೋರ್ಡ್. ಒಂದು ಗುಂಡಿ ಒತ್ತಿದರೆ ಇನ್ನೇನೋ ಅಕ್ಷರ ಬಂದು, ಇದು ನಮಗಲ್ಲ ಅಂತ ಕೈಬಿಡುತ್ತಾರೆ.

ಫೊನೆಟಿಕ್ ಬಂದರೆ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರ ಹೊಡೆದರೆ ಸಾಕು, ಕನ್ನಡ ಮೂಡುತ್ತದೆ. ಕೆಳಗೆ ಎರಡು ಮೂರು ಆಯ್ಕೆಯೂ ಕಾಣುತ್ತವೆ, ಸರಿಯಾದದ್ದನ್ನು ಆರಿಸಿಕೊಳ್ಳಬಹುದು. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಲು ವಿಂಡೋಸ್ ಕೀ ಹಿಡಿದು ಸ್ಪೇಸ್ ಬಾರ್ ಒತ್ತಿ. ಚಿಕ್ಕಪ್ಪ ಒಂದೇ ಬೆರಳಿನಲ್ಲಿ, ಹಪ್ಪಳದ ಹಿಟ್ಟು ಒತ್ತಿ ನೋಡುವ ಹಾಗೆ, ಮೊದಲು ಹೊಡೆದ ಪದ 'ಬನ್ಸ್'. ಎರಡನೆಯದು ಅಜ್ಜನ ಹೆಸರು. ಆಮೇಲೆ ಸ್ವಲ್ಪ ಹೊತ್ತು ಅವರ ಹತ್ತಿರ ಮಾತಾಡಲು ಆಗಲಿಲ್ಲ, ಪರದೆಯನ್ನೇ ನೋಡುತ್ತಿದ್ದರು.

ಎಲ್ಲಿ ಬರೆಯಬೇಕು? ನೋಟ್‌ಪ್ಯಾಡ್. ದೊಡ್ಡ ದೊಡ್ಡ ಸಾಫ್ಟ್‌ವೇರ್ ಎಲ್ಲ ಆಮೇಲೆ ನೋಡಿಕೊಳ್ಳಿ. ಹಿಂದೆ ವರ್ಡ್‌ಪ್ಯಾಡ್ ಅಂತಲೂ ಒಂದಿತ್ತು, 2024ರ ವಿಂಡೋಸ್ 11 ಅಪ್‌ಡೇಟ್‌ನಲ್ಲಿ ಅದನ್ನು ತೆಗೆದುಬಿಟ್ಟರು. ನನಗಂತೂ ಬೇಜಾರಾಯ್ತು. ನೋಟ್‌ಪ್ಯಾಡ್‌ನಲ್ಲಿ ಅಕ್ಷರ ಚಿಕ್ಕದಾಗಿ ಕಂಡರೆ ಕಂಟ್ರೋಲ್ ಹಿಡಿದು ಪ್ಲಸ್ ಒತ್ತಿ, ದೊಡ್ಡದಾಗುತ್ತದೆ. ಎಫ್5 ಒತ್ತಿದರೆ ಆವತ್ತಿನ ತಾರೀಕು, ಗಂಟೆ ತಾನೇ ಬಂದು ಕೂರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಗುಂಡಿಯನ್ನೂ ಜತೆಗೆ ಹಿಡಿಯಬೇಕು. ಚಿಕ್ಕಪ್ಪ ಈಗ ದಿನಾ ಬೆಳಿಗ್ಗೆ ಫೈಲ್ ತೆಗೆದು ಮೊದಲು ಎಫ್5 ಒತ್ತುತ್ತಾರೆ, ಗಲ್ಲಾ ಪುಸ್ತಕದಲ್ಲಿ ತಾರೀಕು ಬರೆದು ಗೆರೆ ಎಳೆಯುತ್ತಿದ್ದ ಅಭ್ಯಾಸ.

ಇಲ್ಲಿ ನನ್ನದೇ ಒಂದು ಹಳೇ ಗಾಯ ಇದೆ. ವಿಂಡೋಸ್ 7ರ ಕಾಲದಲ್ಲಿ ಅಮ್ಮ ಹೇಳಿದ ಅಡುಗೆಗಳನ್ನೆಲ್ಲ ನೋಟ್‌ಪ್ಯಾಡ್‌ನಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೆ. ಸೇವ್ ಮಾಡುವಾಗ ಏನೋ ಎಚ್ಚರಿಕೆ ಬಂತು, ಓದದೇ ಓಕೆ ಒತ್ತಿದೆ. ಮರುದಿನ ತೆಗೆದರೆ ಕೊಟ್ಟೆ ಕಡುಬಿನಿಂದ ಪತ್ರೊಡೆವರೆಗೆ ಎಲ್ಲ ಬರೀ ಪ್ರಶ್ನೆ ಚಿಹ್ನೆ. ಆಗ ನೋಟ್‌ಪ್ಯಾಡ್ ತಾನಾಗಿ ಆನ್ಸಿ ಅನ್ನೋ ಹಳೇ ವಿಧಾನದಲ್ಲಿ ಉಳಿಸುತ್ತಿತ್ತು, ಅದಕ್ಕೆ ಕನ್ನಡ ಗೊತ್ತಿಲ್ಲ. 2019ರ ಅದೇ ಅಪ್‌ಡೇಟ್‌ನಿಂದ ಕನ್ನಡವೂ ಗೊತ್ತಿರುವ ಯುಟಿಎಫ್-8 ಅನ್ನೋ ವಿಧಾನ ಬಂದಿದೆ, ಈಗ ಆ ಭಯ ಇಲ್ಲ. ಆದರೂ ಸೇವ್ ಮಾಡುವಾಗ ಕೆಳಗೆ ಎನ್‌ಕೋಡಿಂಗ್ ಅಂತ ಇರುವಲ್ಲಿ ಯುಟಿಎಫ್-8 ಇದೆಯಾ ಅಂತ ಒಮ್ಮೆ ಕಣ್ಣು ಹಾಯಿಸಿ. ಬರೆಯುತ್ತಾ ಬರೆಯುತ್ತಾ ಮಧ್ಯೆ ಕಂಟ್ರೋಲ್ ಎಸ್ ಒತ್ತುವ ಚಟವನ್ನೂ ಹತ್ತಿಸಿಕೊಳ್ಳಿ. ತಪ್ಪಾಗಿ ಏನಾದರೂ ಅಳಿಸಿ ಹೋದರೆ ಕಂಟ್ರೋಲ್ ಝಡ್.

ಪಿಡಿಎಫ್‌ಗೂ ಏನೂ ಕೊಳ್ಳಬೇಕಾಗಿಲ್ಲ. ಕಂಟ್ರೋಲ್ ಪಿ ಒತ್ತಿ, ಪ್ರಿಂಟರ್ ಹೆಸರಿನ ಜಾಗದಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಆರಿಸಿ. "ಮನೆಯಲ್ಲಿ ಪ್ರಿಂಟರೇ ಇಲ್ಲ, ಪ್ರಿಂಟ್ ಒತ್ತು ಅಂತೀಯಲ್ಲ" ಅಂದರು ಚಿಕ್ಕಪ್ಪ. ನ್ಯಾಯವಾದ ಪ್ರಶ್ನೆ. ಇದು ಕಾಗದದ ಬದಲು ಫೈಲಿನ ಮೇಲೆ ಅಚ್ಚು ಹಾಕುತ್ತದೆ, ಅಷ್ಟೇ. ಲೈಟ್ ಬಿಲ್, ಎಫ್‌ಡಿ ರಸೀದಿ, ರೈಲು ಟಿಕೆಟ್ ಎಲ್ಲ ಹೀಗೆ ಇಟ್ಟುಕೊಳ್ಳಬಹುದು.

ಇಟ್ಟುಕೊಳ್ಳಬಹುದು, ಸರಿ, ಆದರೆ ಎಲ್ಲಿ? ಹೊಸಬರ ಕಷ್ಟದಲ್ಲಿ ಅರ್ಧ ಇದೇ. ಇಳಿಸಿಕೊಂಡದ್ದು ಸಿಗೋದಿಲ್ಲ ಅಂತ ಒಂದೇ ಫೈಲನ್ನು ಆರು ಸಲ ಇಳಿಸಿಕೊಳ್ಳುತ್ತಾರೆ. ವಿಂಡೋಸ್ ಕೀ ಜತೆ ಇ ಒತ್ತಿ, ಎಡಗಡೆ ಡೌನ್‌ಲೋಡ್ಸ್ ಅಂತ ಇರುತ್ತದೆ, ಇಂಟರ್ನೆಟ್‌ನಿಂದ ಬಂದದ್ದು ಸಾಮಾನ್ಯವಾಗಿ ಅಲ್ಲೇ ಬಿದ್ದಿರುತ್ತದೆ. ಡೌನ್‌ಲೋಡ್ಸ್ ಅಂದರೆ ಮನೆಯ ಬಾಗಿಲಿನ ಹತ್ತಿರದ ಮೇಜು ಇದ್ದ ಹಾಗೆ, ಸಾಮಾನು ಅಲ್ಲೇ ಬಿಡಬೇಡಿ. ಡಾಕ್ಯುಮೆಂಟ್ಸ್ ಒಳಗೆ ಕನ್ನಡದಲ್ಲೇ ಹೆಸರಿಟ್ಟು ಫೋಲ್ಡರ್ ಮಾಡಿ: ಮನೆ, ಬ್ಯಾಂಕ್, ಡಾಕ್ಟರ್. ಫೈಲಿನ ಮೇಲೆ ಒಮ್ಮೆ ಕ್ಲಿಕ್ ಮಾಡಿ ಎಫ್2 ಒತ್ತಿದರೆ ಹೆಸರು ಬದಲಿಸಬಹುದು. ಅಂಕಿ ತುಂಬಿದ ಉದ್ದುದ್ದ ಹೆಸರಿನ ಜಾಗದಲ್ಲಿ 'ಲೈಟ್ ಬಿಲ್ ಜನವರಿ' ಅಂತ ಇದ್ದರೆ ಆಮೇಲೆ ಹುಡುಕಲು ಎಷ್ಟು ಸುಲಭ ನೋಡಿ.

ಡಿಲೀಟ್ ಮಾಡಿದ್ದು ರೀಸೈಕಲ್ ಬಿನ್‌ಗೆ ಹೋಗುತ್ತದೆ, ಅಲ್ಲಿಂದ ವಾಪಸ್ ತರಬಹುದು ಅಂತ ಎಲ್ಲರೂ ಹೇಳ್ತಾರೆ. ನಾನೂ ಹೇಳಿದ್ದೆ. ಹೇಳದೇ ಬಿಟ್ಟದ್ದು, ಪೆನ್ ಡ್ರೈವ್‌ನಲ್ಲಿ ಡಿಲೀಟ್ ಮಾಡಿದ್ದು ಅಲ್ಲಿಗೆ ಹೋಗೋದಿಲ್ಲ, ನೇರ ಮಾಯ. ತಂಗಿಯ ಮದುವೆಯ ಇಪ್ಪತ್ತೆರಡು ಫೋಟೊ ಹೀಗೆ ಹೋದವು. ಮಗನ ಫೋನಿನಲ್ಲಿ ಇದ್ದವು ಅಂತ ಬಚಾವ್, ಇಲ್ಲದಿದ್ದರೆ ಚಿಕ್ಕಮ್ಮ ನನ್ನನ್ನು ಮನೆಗೆ ಸೇರಿಸ್ತಿರಲಿಲ್ಲ.

ಆಂಟಿವೈರಸ್ ವಿಷಯಕ್ಕೆ ಬರೋಣ. ವಿಂಡೋಸ್ ಸೆಕ್ಯುರಿಟಿ ಅಂತ ಟೈಪ್ ಮಾಡಿ ತೆಗೆದು ನೋಡಿ, ಡಿಫೆಂಡರ್ ಅನ್ನೋ ಕಾವಲುಗಾರ ಮೊದಲಿನಿಂದಲೇ ಅಲ್ಲಿದ್ದಾನೆ. ಬೇರೆ ಆಂಟಿವೈರಸ್ ಹಾಕಿದರೆ ಇವನು ಪಕ್ಕಕ್ಕೆ ಸರಿದು ಕೂರುತ್ತಾನೆ. ನಮ್ಮಂಥ ಮನೆ ಬಳಕೆಗೆ ಇವನೇ ಸಾಕು ಅನ್ನೋದು ನನ್ನ ಅಭಿಪ್ರಾಯ, ಅಪ್‌ಡೇಟ್ ಬಂದಾಗ 'ಆಮೇಲೆ' ಅಂತ ತಳ್ಳದಿದ್ದರೆ. ಇನ್ನೂ ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು: ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರಕ್ಕೆ 11 ಹಿಡಿಸುತ್ತದಾ ಅಂತ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ನಲ್ಲಿ ನೋಡಿಕೊಳ್ಳಿ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಒಂದು ದಿನ ಚಿಕ್ಕಪ್ಪ ಭಜನೆ ಹುಡುಕುತ್ತಿದ್ದಾಗ ಇಡೀ ಪರದೆ ಕೆಂಪಾಗಿ, ಕಂಪ್ಯೂಟರ್‌ಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಅಂತ ಕಿರುಚತೊಡಗಿತು. ಅದು ಸುಳ್ಳು. ಅಂಥ ನಂಬರಿಗೆ ಫೋನ್ ಮಾಡಲೇಬೇಡಿ. ಆಲ್ಟ್ ಹಿಡಿದು ಎಫ್4 ಒತ್ತಿದರೆ ಆ ಕಿಟಕಿ ಮುಚ್ಚುತ್ತದೆ. ಮುಚ್ಚದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅಲ್ಲಿ ಬ್ರೌಸರ್ ಆರಿಸಿ ಎಂಡ್ ಟಾಸ್ಕ್ ಒತ್ತಿ. ಯಾರಿಗಾದರೂ ದುಡ್ಡು ಹೋಗಿಯೇ ಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸರಕಾರದ ಸೈಬರ್ ವಂಚನೆ ಸಹಾಯವಾಣಿ.

ಮತ್ತೊಂದು ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆ ಅಂತ ಟ್ರೈನ್ ಕಡಿಮೆ. ಹೋಗಲು ಮನಸ್ಸಾಗಲಿಲ್ಲ. ಚಿಕ್ಕಪ್ಪ ಪರದೆಯ ಫೋಟೊ ತೆಗೆದು ಕಳಿಸಿದರು, ಅದರಲ್ಲಿ ಕಂಡದ್ದು ಟ್ಯೂಬ್‌ಲೈಟ್ ಮತ್ತು ಅವರ ಬನಿಯನ್. ಆವತ್ತು ಫೋನಿನಲ್ಲೇ ಕಲಿಸಿದೆ: ವಿಂಡೋಸ್ ಕೀ, ಶಿಫ್ಟ್, ಎಸ್ ಮೂರೂ ಒಟ್ಟಿಗೆ. ಪರದೆ ಮಸುಕಾಗುತ್ತದೆ, ಬೇಕಾದಷ್ಟು ಭಾಗವನ್ನು ಮೌಸ್‌ನಲ್ಲಿ ಎಳೆದು ಗುರುತು ಮಾಡಿ ಬಿಟ್ಟರೆ ಚಿತ್ರ ರೆಡಿ. ಅದನ್ನು ವಾಟ್ಸಾಪ್ ವೆಬ್‌ನಲ್ಲೋ ಪೇಂಟ್‌ನಲ್ಲೋ ಕಂಟ್ರೋಲ್ ವಿ ಒತ್ತಿ ಅಂಟಿಸಬಹುದು. ಪೇಂಟ್‌ನಲ್ಲಿ ಅಂಟಿಸಿದರೆ, ಅಕೌಂಟ್ ನಂಬರಿನ ಮೇಲೆ ಕಪ್ಪು ಬಣ್ಣ ಬಳಿದು ಆಮೇಲೆ ಬೇರೆಯವರಿಗೆ ಕಳಿಸಬಹುದು.

ಅಷ್ಟಕ್ಕೂ ಬಗೆಹರಿಯದಿದ್ದಾಗ ಕ್ವಿಕ್ ಅಸಿಸ್ಟ್ ತೆಗೆದೆವು. ಇದೂ ಒಳಗೇ ಇದೆ. ನಾನು ನನ್ನ ಕಡೆಯಿಂದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ ಒಂದು ಕೋಡ್ ಕೊಟ್ಟೆ, ಅವರು ಅದನ್ನು ಹಾಕಿ ಒಪ್ಪಿಗೆ ಕೊಟ್ಟರು, ಡೊಂಬಿವಲಿಯ ಪರದೆ ಕಾಂದಿವಲಿಯಲ್ಲಿ ಕಾಣಿಸಿತು. ಆದರೆ ನೆನಪಿಡಿ, ವಂಚಕರು ಕೇಳೋದೂ ಇಂಥದ್ದನ್ನೇ. ಸಹಾಯ ಬೇಕು ಅಂತ ಫೋನ್ ಮಾಡಿದ್ದು ನೀವೇ ಆಗಿರಬೇಕು, ಆ ಕಡೆ ಇರೋರು ನಿಮ್ಮನೆಯವರೇ ಆಗಿರಬೇಕು. ಯಾರೋ ತಾವಾಗಿ ಫೋನ್ ಮಾಡಿ ಕೋಡ್ ಹಾಕಿ ಅಂದರೆ ಇಟ್ಟುಬಿಡಿ.

ಆವತ್ತಿನ ಸಮಸ್ಯೆ ಏನಾಗಿತ್ತು ಗೊತ್ತಾ? ಎಲ್ಲ ದೊಡ್ಡದಾಗಿ ಕಾಣ್ತಿದೆ, ಪರದೆ ಓಡಾಡ್ತಿದೆ ಅಂತ. ವಿಂಡೋಸ್ ಕೀ ಜತೆ ಪ್ಲಸ್ ಒತ್ತಿದ್ದರು, ಮ್ಯಾಗ್ನಿಫೈಯರ್ ಶುರುವಾಗಿತ್ತು. ವಿಂಡೋಸ್ ಕೀ ಜತೆ ಎಸ್ಕೇಪ್ ಒತ್ತಿದರೆ ನಿಲ್ಲುತ್ತದೆ. ಚಿಕ್ಕಮ್ಮನಿಗೆ ಮಾತ್ರ ಅದು ಇಷ್ಟವಾಗಿ ಈಗ ಬೇಕಂತಲೇ ಹಾಕಿಕೊಂಡು ಪಂಚಾಂಗ ಓದುತ್ತಾರೆ. ಹಾಗೆಯೇ ಶಿಫ್ಟ್ ಗುಂಡಿ ಐದು ಸಲ ಒತ್ತಿದರೆ ಟುಯ್ ಅಂತ ಸದ್ದಾಗಿ ಸ್ಟಿಕಿ ಕೀಸ್ ಬೇಕಾ ಅಂತ ಕೇಳುತ್ತದೆ, ಹೆದರಬೇಡಿ, ನೋ ಅನ್ನಿ. ಪಿನ್ ಬೀಳ್ತಿಲ್ಲ ಅಂದರೆ ಬಲಗಡೆಯ ಅಂಕಿಗಳ ಮೇಲಿರುವ ನಮ್ ಲಾಕ್ ಗುಂಡಿ ಆಫ್ ಆಗಿದೆಯಾ ನೋಡಿ.

ಕಳೆದ ವಾರ ಕ್ಯಾಲ್ಕುಲೇಟರ್ ತೋರಿಸಿದೆ. ಕೂಡಿಸಿ ಕಳೆಯೋದಕ್ಕೆ ಅವರಿಗೆ ಅದು ಬೇಡ, ಬಾಯಲ್ಲೇ ಬರುತ್ತದೆ. ಆದರೆ ಮೂಲೆಯ ಮೂರು ಗೆರೆ ಒತ್ತಿದರೆ ಡೇಟ್ ಕ್ಯಾಲ್ಕುಲೇಶನ್ ಅಂತ ಇದೆ, ಎರಡು ತಾರೀಕು ಕೊಟ್ಟರೆ ಮಧ್ಯೆ ಎಷ್ಟು ದಿನ ಅಂತ ಹೇಳುತ್ತದೆ. ಎಫ್‌ಡಿ ಲೆಕ್ಕಕ್ಕೆ ಆಗಬಹುದು ಅಂತ ನಾನು ಅಂದೆ. ಅವರು ಹಾಕಿದ್ದು ಬೇರೆ: ಹೋಟೆಲಿಗೆ ಸೇರಿದ ದಿನ 10 ಜೂನ್ 1971, ಬಿಟ್ಟ ದಿನ 31 ಮಾರ್ಚ್ 2012. ನಲವತ್ತು ವರ್ಷ, ಒಂಬತ್ತು ತಿಂಗಳು, ಮೂರು ವಾರ. ಕೆಳಗೆ 14,905 ದಿನ.

"ಇದರಲ್ಲಿ ಊರಿಗೆ ಹೋದ ರಜೆ ಕಳೆದಿದೆಯಾ ಇದು?"

"ಇಲ್ಲ ಚಿಕ್ಕಪ್ಪ, ಅದು ಅದಕ್ಕೆ ಹೇಗೆ ಗೊತ್ತಾಗಬೇಕು?"

ಕನ್ನಡಕ ಏರಿಸಿ, ಬೆರಳು ಮಡಚಿ ಏನೋ ಎಣಿಸಿದರು, ಆಮೇಲೆ ಮೈನಸ್ ಗುಂಡಿ ಎಲ್ಲಿ ಅಂತ ಹುಡುಕತೊಡಗಿದರು.