ಗದ್ದೆ ಮುಳುಗಿದ ವರ್ಷದ ಬುಟ್ಟಿ

ಭೂಮಿ ಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಸಾಗರದ ನಮ್ಮ ಮನೆ ಜಗುಲಿಯಲ್ಲಿ ಕೂತು, ಹಬ್ಬದ ದಿನ ಗದ್ದೆಗೆ ಎಡೆ ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತಿದ್ದೇನೆ. ಬಳಿದ ಕೆಮ್ಮಣ್ಣು ಒಣಗಿದೆ. ಬಿಳಿ ಬಣ್ಣಕ್ಕೆ ನೆನೆಸಿ ಅರೆದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ಉಣ್ಣುವ ಅಕ್ಕಿಯೇ ನಮಗೆ ಬಣ್ಣವೂ ಹೌದು.

ಈ ಸಲ ಗೆರೆ ಎಳೆಯುವಾಗೆಲ್ಲ ಕೆಲವು ಫೋಟೊಗಳು ನೆನಪಾಗುತ್ತಿವೆ. ವುಕಾಶಿನ್ ನೆದೆಲ್ಕೊವಿಚ್ ಎಂಬ ಕಲಾವಿದರು ತೆಗೆದವು. ಆಶ್ರಯ ಕೇಳಿ ಐರ್ಲೆಂಡಿಗೆ ಬಂದವರನ್ನು ಇರಿಸುವ ಕೇಂದ್ರಗಳಲ್ಲಿ ಅವರೂ 2007ರಿಂದ 2009ರವರೆಗೆ ಇದ್ದವರು. ಫೋಟೊಗಳಲ್ಲಿ ಜನರಿಲ್ಲ. ಬರೀ ಕೋಣೆ, ಕಾರಿಡಾರು, ಯಾರೋ ಬಿಟ್ಟುಹೋದ ಸಾಮಾನು. ಆಶ್ರಯ ಕೇಳಿದವರನ್ನು ಹೀಗೆ ಇರಿಸುವ ವ್ಯವಸ್ಥೆಗೆ ಡೈರೆಕ್ಟ್ ಪ್ರಾವಿಷನ್ ಅಂತ ಹೆಸರು, 2000ದಲ್ಲಿ ಶುರುವಾಗಿದ್ದು. ಎಷ್ಟೋ ವರ್ಷ ಹೆಚ್ಚಿನ ಕೇಂದ್ರಗಳಲ್ಲಿ ಸ್ವಂತ ಅಡುಗೆಗೆ ಜಾಗವೇ ಇರಲಿಲ್ಲ. ಕ್ಯಾಂಟೀನಿನವರು ಬಡಿಸಿದ್ದನ್ನು ಅವರು ಹೇಳಿದ ಹೊತ್ತಿಗೆ ಉಣ್ಣಬೇಕಿತ್ತು. ದೊಡ್ಡವರ ಕೈಗೆ ಆಗ ವಾರಕ್ಕೆ 19.10 ಯೂರೊ ಬರುತ್ತಿತ್ತು. ಹೊಟ್ಟೆಗಂತೂ ಸಿಗುತ್ತಿತ್ತಲ್ವಾ ಅಂತ ಯಾರಾದರೂ ಅಂದಾರು. ಮಗುವಿಗೆ ಜ್ವರ ಬಂದ ರಾತ್ರಿ ಒಂದು ಲೋಟ ಗಂಜಿ ಕಾಯಿಸಿಕೊಡಲು ಆಗದ ತಾಯಿಯ ಎದುರು ಆ ಮಾತು ಆಡಲು ನನ್ನಿಂದ ಆಗದು.

ನಮ್ಮದೂ ಮುಳುಗಡೆ ಮನೆತನ. ನಮ್ಮೂರನ್ನು ಮುಳುಗಿಸಿದ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಲಾರಿಗೆ ಸಾಮಾನು ತುಂಬುವಾಗ ಒರಳುಕಲ್ಲು ಬಿಟ್ಟು ಬರಲ್ಲ ಅಂತ ಅಜ್ಜಿ ಹಟ ಹಿಡಿದಳಂತೆ. ಇಳಿಸಿದ್ದು ಕಾಡಿನ ನಡುವೆ. ಮೂರು ಕಲ್ಲಿಟ್ಟು ಒಲೆ ಹೂಡಿದರೆ ಮಳೆಗೆ ಸೌದೆ ಹತ್ತುತ್ತಿರಲಿಲ್ಲ. ಊದಿ ಊದಿ ಅಜ್ಜಿಯ ಕಣ್ಣು ವಾರಗಟ್ಟಲೆ ಕೆಂಪಗಿತ್ತಂತೆ. ಆದರೂ "ನನ್ನ ಒಲೆ" ಅಂತಲೇ ಹೇಳುತ್ತಿದ್ದಳು. (ಆ ಜಮೀನಿನ ಹಕ್ಕುಪತ್ರಕ್ಕೆ ಅಪ್ಪ ಇವತ್ತಿಗೂ ಓಡಾಡುತ್ತಿದ್ದಾರೆ.)

ಆ ವರ್ಷವೂ ಭೂಮಿ ಹುಣ್ಣಿಮೆ ಬಂತು. ತೆನೆ ಹೊತ್ತ ಗದ್ದೆಗೆ ಬಸುರಿಯ ಬಯಕೆ ಊಟ ಬಡಿಸುವ ಹಬ್ಬ ಅದು. ಗದ್ದೆ ನೀರಿನಡಿ. "ಪೈರೇ ಇಲ್ಲ, ಬಯಕೆ ಊಟ ಯಾರಿಗೆ?" ಅಂದರಂತೆ ಅಜ್ಜ. ಅಜ್ಜಿ ಉತ್ತರ ಕೊಡಲಿಲ್ಲ. ಕಡ ತಂದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಬಣ್ಣಕ್ಕೆ ಅರೆದಳು. ಉಳಿದದ್ದು ಅನ್ನಕ್ಕೆ. ಬೆಳಗಿನ ಜಾವ ಬುಟ್ಟಿ ಹೊತ್ತು ಹೋಗಿ, ಆಗಷ್ಟೇ ಕಡಿದ ಮರದ ಬುಡದಲ್ಲಿ ಎಡೆ ಇಟ್ಟು ಬಂದಳು.

ನನ್ನ ಬುಟ್ಟಿಯ ಒಂದು ಬದಿ ಇನ್ನೂ ಖಾಲಿ ಇದೆ. ಅಲ್ಲಿ ಮೂರು ಕಲ್ಲಿನ ಒಲೆ ಬರೆಯುತ್ತೇನೆ. ಇದುವರೆಗೆ ಬರೆದಿಲ್ಲ. ಅಕ್ಕಿ ಹಿಟ್ಟು ತೆಳುವಾಗಿದೆ, ಇನ್ನೊಂದು ಹಿಡಿ ನೆನೆಹಾಕಬೇಕು.